ಅಂಜನಮೂರ್ತಿಯ ಹಳದಿ ಗೆರೆ

ಉಪ್ಪಾರಹಳ್ಳಿಯ ಅಂಜನಮೂರ್ತಿಯ ಗ್ಯಾರೇಜಿನಲ್ಲಿ ಒಂದು ಕಾನೂನಿತ್ತು. ಬೋಲ್ಟನ್ನು ಬಿಗಿ ಮಾಡಿದವನೇ ಅದರ ತಲೆಯ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಪೇಂಟಿನಲ್ಲಿ ಒಂದು ಗೆರೆ ಎಳೆಯಬೇಕು. ಆಮೇಲೆ ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಣ್ಣಿಗೆ ಬೀಳುತ್ತದೆ. ಇಷ್ಟು ಎಲ್ಲಾ ಕಡೆ ಇರುವ ಪದ್ಧತಿಯೇ, ಹೊಸದೇನಲ್ಲ. ಆದರೆ ಅಂಜನಮೂರ್ತಿ ಅದಕ್ಕೆ ತನ್ನದೊಂದು ಬಾಲ ಅಂಟಿಸಿದ್ದ. ಅವನು ಗೆರೆ ಎಳೆದ ಬೋಲ್ಟಿನ ಮೇಲೆ ಇನ್ನೊಬ್ಬರು ಸ್ಪ್ಯಾನರ್ ಇಡಕೂಡದು. ಇಟ್ಟರೋ, ಮುಗಿಯಿತು ಕಥೆ.

ಒಂದು ಸಲ ಮಗಳು ಭಾನುಪ್ರಿಯಾ, "ಒಂದ್ಸಲ ನೋಡ್ಬಿಡ್ತೀನಪ್ಪ" ಅಂತ ಟಾರ್ಕ್ ರೆಂಚ್ ಹಿಡಿದು ಹೋಗಿದ್ದಳು. ಬೇಕಾದಷ್ಟು ಬಿಗಿಯಾದ ಕೂಡಲೇ 'ಟಕ್' ಅಂತ ಹೇಳುವ ಉದ್ದನೆಯ ರೆಂಚು ಅದು. ಅಷ್ಟಕ್ಕೇ ಈ ಮಹಾನುಭಾವ ಊಟ ಬಿಟ್ಟು ಕೂತ. "ನನ್ನ ಕೈ ಮ್ಯಾಲೆ ನಂಬಿಕೆ ಇಲ್ದಿದ್ರೆ ಬೇರೆ ಗ್ಯಾರೇಜ್ ನೋಡ್ಕೊ ಹೋಗು" ಅಂದ. ಹೆತ್ತ ಮಗಳಿಗೆ ಆಡುವ ಮಾತೇ ಇದು? ಆವತ್ತಿನಿಂದ ಆ ಹುಡುಗಿ ಹಳದಿ ಗೆರೆ ಕಂಡರೆ ಸಾಕು, ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು.

ಭಾನು ಗುಬ್ಬಿಯ ಒಂದು ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುವ ಕೆಲಸದಲ್ಲಿದ್ದಳು. ವಾರವೆಲ್ಲ ಗುಬ್ಬಿಗೆ ಬಸ್ಸಿನಲ್ಲಿ ಓಡಾಟ. ಅವಳಿಗಿದ್ದ ಹುಚ್ಚು ಮಾತ್ರ ಬೇರೆ. ಕುಣಿಗಲ್ ಆಚೆ ಯಾರೋ ಪುಣ್ಯಾತ್ಮರು ಕಲ್ಲುಭೂಮಿ ಕೊಂಡು, ಹಾವಿನ ಹಾಗೆ ಸುತ್ತುವ ಟ್ರ್ಯಾಕ್ ಹಾಕಿಸಿದ್ದರು. ತಿಂಗಳಿಗೊಂದು ಭಾನುವಾರ ಯಾರು ಬೇಕಾದರೂ ತಮ್ಮ ಕಾರು ತಂದು ಓಡಿಸಬಹುದು. ರೇಸಲ್ಲ, ಕಪ್ಪಿಲ್ಲ, ಹಾರವಿಲ್ಲ. ಕಾರಿಗೆ ಉಸಿರಿದ್ದಷ್ಟೂ ಓಡಿಸುವುದು, ತಿರುವು ಮೂಗಿನ ಹತ್ತಿರ ಬಂದಾಗ ಬ್ರೇಕ್ ಒತ್ತುವುದು, ಅಷ್ಟೇ. ಮಗಳು ತನ್ನ ಹಳೇ ಪುಟ್ಟ ಕಾರನ್ನು ಅಲ್ಲಿಗೆ ಒಯ್ಯುತ್ತೇನೆಂದಾಗ ಅಂಜನಮೂರ್ತಿ ಎರಡು ದಿನ ಮಾತು ಬಿಟ್ಟ. ಮೂರನೇ ದಿನ ತಾನೇ ಹೋಗಿ ದೊಡ್ಡ ಬ್ರೇಕುಗಳನ್ನು ಹುಡುಕಿ ತಂದು ಜೋಡಿಸಿದ. ಬೇಡ ಅನ್ನಲಾರದ ಅಪ್ಪಂದಿರು ಹೀಗೇ ಮಾಡುವುದು.

ಆ ಬ್ರೇಕಿನ ವಿಷಯ ಸ್ವಲ್ಪ ಹೇಳಬೇಕು. ಚಕ್ರದ ಹಿಂದೆ ಒಂದು ಕಬ್ಬಿಣದ ತಟ್ಟೆ ತಿರುಗುತ್ತದೆ. ಅದನ್ನು ಎರಡೂ ಕಡೆಯಿಂದ ಅದುಮಿ ನಿಲ್ಲಿಸುವುದು ಪ್ಯಾಡುಗಳು. ಪ್ಯಾಡುಗಳನ್ನು ತಬ್ಬಿಕೊಂಡಿರುವುದು ಕ್ಯಾಲಿಪರ್, ಕ್ಯಾಲಿಪರನ್ನು ಕಾರಿಗೆ ಕಚ್ಚಿಸಿರುವುದು ಎರಡು ದಪ್ಪ ಬೋಲ್ಟು. ಪ್ಯಾಡು ಆಚೆ ಹಾರದಂತೆ ಅಡ್ಡಕ್ಕೆ ಬೆರಳುದ್ದದ ಪಿನ್ನುಗಳು. ಪಿನ್ನು ಜಾರದಂತೆ ಅದರ ತುದಿಯ ತೂತಿನಲ್ಲಿ ಒಂದು ಪುಟ್ಟ ಕ್ಲಿಪ್ಪು. ನೋಡಿದರೆ ಥೇಟ್ ಹೆಂಗಸರ ಹೇರ್‌ಪಿನ್ನು. ಇಡೀ ಬ್ರೇಕಿನಲ್ಲಿ ಬರಿಗೈಯಲ್ಲಿ ಕಿತ್ತುಕೊಳ್ಳಬಹುದಾದ ಸಾಮಾನು ಅದೊಂದೇ.

ಆ ಶನಿವಾರ ಸಂಜೆ ಕಾರಿನ ಮುಂದಿನ ಎರಡೂ ಚಕ್ರ ಬಿಚ್ಚಿತ್ತು. ಹೊಸ ಪ್ಯಾಡು ಕೂರಿಸಿ, ಎಡಗಡೆ ಮುಗಿಸಿ, ಅಂಜನಮೂರ್ತಿ ಬಲಗಡೆಗೆ ಬಂದಿದ್ದ. ಕೆಳಗಿನ ಬೋಲ್ಟು ಬಿಗಿ ಮಾಡಿದ. ಮೇಲಿನದನ್ನು ಬೆರಳಲ್ಲೇ ತಿರುಗಿಸಿ ಕೂರಿಸಿ ರೆಂಚಿಗೆ ಕೈ ಚಾಚಿದ್ದ, ಅಷ್ಟರಲ್ಲಿ ಅವನ ತಾಯಿ ಚಿಕ್ಕಮಾರಮ್ಮ ಬಂದಳು. ಕೈಯಲ್ಲಿ ತಂತಿಗೆ ಪೋಣಿಸಿದ ನಿಂಬೆಹಣ್ಣು, ಮೆಣಸಿನಕಾಯಿ.

"ಕಟ್ಬುಡ್ಲಾ, ಮುಂದ್ಗಡೆ?" ಅಂದಳು.

ಅಂಜನಮೂರ್ತಿಯ ನೆತ್ತಿಗೇರಿತು. ಹೋದ ಸಲ ಟ್ರ್ಯಾಕಿನ ಗೇಟಿನಲ್ಲೇ ಅದನ್ನು ಬಿಚ್ಚಿಸಿದ್ದರು. ಕಾರಿನ ಹೊರಗೆ ಏನೂ ನೇತಾಡಬಾರದು ಅನ್ನುವುದು ಅಲ್ಲಿಯ ನಿಯಮ. ಬಿಚ್ಚಿದವನು ಸುಮ್ಮನಿರದೆ, "ಇದೇ ಏನ್ಸಾರ್ ನಿಮ್ಮ ಬ್ರೇಕು?" ಅಂತ ಹಲ್ಲು ಕಿರಿದಿದ್ದ. ಪಕ್ಕದಲ್ಲಿದ್ದ ನಾಲ್ಕು ಜನ ನಕ್ಕಿದ್ದರು. ಆ ನಗು ಈ ಮನುಷ್ಯನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

"ಎಷ್ಟ್ ಸಲ ಹೇಳ್ಬೇಕವ್ವ ನಿಂಗೆ? ನಿನ್ ನಿಂಬೆಹಣ್ಣು ಬ್ರೇಕ್ ಹಿಡೀತದಾ?"

"ನಿನ್ ಹಳದಿ ಬಣ್ಣ ಹಿಡೀತದಾ?" ಮುದುಕಿಯೂ ಬಿಡುವವಳಲ್ಲ. "ಹೆಣ್ಣುಡ್ಗಿ ಅಂಗೆ ಕಾರು ಓಡ್ಸೋದ್ನ ಊರೆಲ್ಲಾ ಕಣ್ ಬಿಟ್ಕೊಂಡ್ ನೋಡ್ತದೆ. ದೃಷ್ಟಿ ಆಗದೆ ಇರ್ತದೇನ್ಲಾ?"

ಅವನು ಎದ್ದ. ಅವಳ ಕೈಯಿಂದ ನಿಂಬೆಹಣ್ಣು ಕಿತ್ತುಕೊಂಡು ಬೀದಿಗೆ ಎಸೆದ. "ಕಂಡೋರ್ ಮುಂದೆ ನನ್ನ ಮಾನ ಕಳೀಬ್ಯಾಡ. ಆ ಕಾರಿನ ಮ್ಯಾಲೆ ಯಾರಿಗೂ ಕಾಣೋ ಹಂಗೆ ಏನಾದ್ರೂ ಕಟ್ಟಿದ್ಯೋ, ನಾನು ಮನುಷ್ಯ ಅಲ್ಲ!" ಎದುರು ಮನೆಯವರು ಬಾಗಿಲಿಗೆ ಬಂದು ನೋಡಿದರು. ಚಿಕ್ಕಮಾರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು.

ಅಂಜನಮೂರ್ತಿ ಮತ್ತೆ ಕಾರಿನ ಪಕ್ಕ ಕೂತ. ಹೆತ್ತವ್ವನಿಗೆ ಬೈದು ಯಾವನ ಮನಸ್ಸು ತಾನೇ ನೆಟ್ಟಗಿರುತ್ತದೆ? ಪೇಂಟಿನ ಬ್ರಷ್ ಎತ್ತಿಕೊಂಡು ಎರಡೂ ಬೋಲ್ಟಿಗೆ ಗೆರೆ ಎಳೆದ. ಡಬ್ಬಿ ಮುಚ್ಚಿ, ಚಕ್ರಗಳನ್ನು ಬೆಳಗ್ಗೆ ಮಗಳೇ ಹಾಕಿಕೊಳ್ಳಲಿ ಎಂದು ಗೋಡೆಗೆ ಒರಗಿಸಿ ಎದ್ದು ಹೋದ.

ಭಾನುವಾರ ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಗಳು ಹೊರಟುಹೋಗಿದ್ದಳು. ಗ್ಯಾರೇಜು ಗುಡಿಸಿ ತಿಂಡಿಗೆ ಕೂರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಹೆಂಡತಿ ನೇತ್ರಾವತಿ ತವರುಮನೆಗೆ ಹೋಗಿದ್ದರಿಂದ ಉಪ್ಪಿಟ್ಟು ಅವ್ವನದೇ. ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು. ಒಂದು ತುತ್ತು ಬಾಯಿಗಿಟ್ಟ. ಅವ್ವ ಚಟ್ನಿ ತರಲು ಅತ್ತ ತಿರುಗಿದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಜಾತಿ ನಮ್ಮ ಚಿಕ್ಕಮಾರಮ್ಮ. ಇರುವ ಹಿಡಿ ಕೂದಲಿನ ತುರುಬಿಗೆ ದಿನವೂ ಕನಕಾಂಬರ ಬೇಕು. ಆ ಕನಕಾಂಬರದ ಕೆಳಗೆ ಏನೋ ಫಳಕ್ಕೆಂದಿತು.

"ಅವ್ವ, ತಲೇಲಿರೋದು ಏನದು?"

"ಹೂವು. ಅದೂ ಮುಡೀಬಾರ್ದಾ?"

"ಹೂವಿನ ಕೆಳ್ಗೆ, ಅವ್ವ."

ಅವಳು ಕೈಯಾಡಿಸಿ ಅದನ್ನು ತೆಗೆದಳು. ಸ್ಟೀಲಿನ ಕ್ಲಿಪ್ಪು. ನಿನ್ನೆ ತಾನೇ ತನ್ನ ಕೈಯಾರೆ ಪಿನ್ನಿನ ತೂತಿಗೆ ಸಿಕ್ಕಿಸಿದ ಕ್ಲಿಪ್ಪು ಅದು.

"ಇದೆಲ್ಲಿ ಸಿಕ್ತು ನಿಂಗೆ?"

ಚಿಕ್ಕಮಾರಮ್ಮ ತಟ್ಟೆ ನೋಡಿದಳು, ಗೋಡೆ ನೋಡಿದಳು. ಆಮೇಲೆ ಒಂದೊಂದೇ ಬಂತು. ನಿಟ್ಟೂರಿನಲ್ಲಿರುವ ತಂಗಿ ಕದರಮ್ಮ ಮಂತ್ರಿಸಿ ಕೊಟ್ಟ ಕಪ್ಪು ದಾರವೊಂದು ಅವಳ ಹತ್ತಿರ ಇತ್ತು. ಬೆಳಗ್ಗೆ ಮಗ ಬಚ್ಚಲಿಗೆ, ಮೊಮ್ಮಗಳು ಬಟ್ಟೆ ಹಾಕಿಕೊಳ್ಳಲು ಹೋದಾಗ ಕಾರಿನ ಹತ್ತಿರ ಬಂದಳು. "ಕಾಣೋ ಹಂಗೆ ಕಟ್ಬ್ಯಾಡ ಅಂದಲ್ಲ ನೀನು? ಅದ್ಕೇ ಚಕ್ರದ ಒಳ್ಗೆ ಕಟ್ದೆ. ಅಲ್ಲೊಂದ್ ತೂತಿತ್ತು. ಅದ್ರಲ್ಲಿ ಇದು ಸುಮ್ನೆ ಸಿಕ್ಕಾಕ್ಕೊಂಡಿತ್ತು. ತಗ್ದು ದಾರ ಪೋಣ್ಸಿ ಗಂಟಾಕ್ದೆ. ಬಿಗಿಯಾಗೇ ಹಾಕ್ದೆ ಕಣ್ಲಾ, ಬಿಚ್ಚೋದಿಲ್ಲ."

"ಯಾವ ಕಡೆ?"

"ಎಡಗಡೆ. ಯಾಕ್ಲಾ? ಮೂರ್ತಿ, ಯಾಕ್ಲಾ ಹಿಂಗಾದೆ?"

ಅವನು ಫೋನು ಹಚ್ಚಿದ. ಸ್ವಿಚಾಫ್. ಟ್ರ್ಯಾಕಿಗೆ ಇಳಿಯುವವರು ಫೋನನ್ನು ಡಬ್ಬಿಗೆ ಹಾಕಿ ಹೋಗಬೇಕು, ಅದೂ ಅಲ್ಲಿಯ ನಿಯಮವೇ. ಜೊತೆಗೆ ಹೋಗುವ ಗೆಳೆಯ ಸಿದ್ಧಾರ್ಥನಿಗೆ ಮಾಡೋಣವೆಂದರೆ ಅವನ ನಂಬರಿಲ್ಲ. ಮಗಳು ಕೊಡಲು ಬಂದಾಗ, "ಆ ಉದ್ದಗೂದಲಿನವನ ನಂಬರ್ ನಂಗ್ಯಾಕೆ" ಎಂದು ಮುಖ ತಿರುಗಿಸಿದ್ದ. ಈಗ ಅನುಭವಿಸು.

ಕ್ಲಿಪ್ಪನ್ನು ಜೇಬಿಗೆ ಹಾಕಿಕೊಂಡು, ಟಾರ್ಕ್ ರೆಂಚಿದ್ದ ಚೀಲವನ್ನು ಬೈಕಿಗೆ ನೇತುಹಾಕಿ ಕಿಕ್ ಹೊಡೆಯುವಷ್ಟರಲ್ಲಿ ಹಿಂದೆ ಭಾರ ಬಿತ್ತು. ಚಿಕ್ಕಮಾರಮ್ಮ ಹತ್ತಿ ಕೂತಿದ್ದಳು.

"ಇಳಿಯವ್ವ!"

"ಇಳಿಯಾಕಿಲ್ಲ. ನನ್ ಮೊಮ್ಮಗಳು. ನೀನು ಓಡ್ಸು."

ವಾದ ಮಾಡಲು ಹೊತ್ತೆಲ್ಲಿ? ಬೈಕು ಕುಣಿಗಲ್ ರಸ್ತೆ ಹಿಡಿಯಿತು. ಆವತ್ತು ಆ ರಸ್ತೆ ಅವನಿಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಗೂಳೂರಿನಲ್ಲಿ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರು ದಾರಿ ಬಿಡಲಿಲ್ಲ. ಮುಂದೆ ಒಂದು ಕುರಿಮಂದೆ, ಒಂದೊಂದು ಕುರಿಯೂ ನಿಂತು ಇವನ ಮುಖ ನೋಡಿ ಯೋಚನೆ ಮಾಡಿ ದಾಟಿತು. ಹೆಬ್ಬೂರಿನಲ್ಲಿ ಮದುವೆಯ ಬಸ್ಸು ಅಡ್ಡ ನಿಂತಿತ್ತು. ಹಾರನ್ ಒತ್ತಿ ಒತ್ತಿ ಹೆಬ್ಬೆರಳು ಮರಗಟ್ಟಿತು. ಊರ ರಸ್ತೆಯಲ್ಲಿ ನಿಧಾನಕ್ಕೆ ಹೋಗುವವರೆಗೆ ಏನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಟ್ರ್ಯಾಕಿಗಿಳಿದ ಮೇಲೆ ಬ್ರೇಕು ಒಲೆಯಂತೆ ಕಾಯುತ್ತದೆ. ಆ ಕಾವಿಗೆ ನೂಲಿನ ದಾರ ಎಷ್ಟು ಹೊತ್ತು? ದಾರ ಸುಟ್ಟರೆ ಪಿನ್ನು ಜಾರುತ್ತದೆ, ಪಿನ್ನು ಜಾರಿದರೆ ಪ್ಯಾಡು. ಆಮೇಲೆ ತಿರುವಿನಲ್ಲಿ ಮಗಳು ಕಾಲು ಒತ್ತುತ್ತಾಳೆ, ಕಾರು ನಿಲ್ಲುವುದಿಲ್ಲ. ಅದರಾಚೆಗೆ ಯೋಚಿಸಲು ಅವನಿಂದ ಆಗಲಿಲ್ಲ.

"ಮುನಿಯಪ್ಪ, ನಮ್ಮಪ್ಪ, ಮಗೂನ ಕಾಯಪ್ಪ..." ಬೆನ್ನ ಹಿಂದೆ ಅವ್ವ ದೇವರನ್ನು ಕರೆಯತೊಡಗಿದಳು.

"ಬಾಯ್ಮುಚ್ಚವ್ವ! ಮಾಡೋದೆಲ್ಲಾ ಮಾಡ್ಬುಟ್ಟು!"

ಅವಳು ಬಾಯಿ ಮುಚ್ಚಿದಳು. ಅವಳ ಎರಡೂ ಕೈ ಅವನ ಹೊಟ್ಟೆಯನ್ನು ಸುತ್ತಿ ಹಿಡಿದುಕೊಂಡಿದ್ದವು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲವಂತೆ. ನಿನ್ನೆ ಆ ನಿಂಬೆಹಣ್ಣನ್ನು ಕಟ್ಟಲು ಬಿಟ್ಟಿದ್ದರೆ ಏನಾಗುತ್ತಿತ್ತು? ಗೇಟಿನಲ್ಲಿ ಬಿಚ್ಚುತ್ತಿದ್ದರು, ನಾಲ್ಕು ಜನ ನಗುತ್ತಿದ್ದರು, ಮುಗಿದುಹೋಗುತ್ತಿತ್ತು. ಆ ಯೋಚನೆ ಬಂದ ಮೇಲೆ ಅಂಜನಮೂರ್ತಿಗೆ ಅವ್ವನ ಮೇಲಿನ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದಾಯಿತು. ಬೈಕನ್ನು ಇನ್ನಷ್ಟು ಜೋರು ಮಾಡಿದ.

ಕುಣಿಗಲ್ ದಾಟಿ, ಮಣ್ಣಿನ ದಾರಿ ಹಿಡಿದು, ಟ್ರ್ಯಾಕಿನ ಗೇಟಿಗೆ ಬಂದಾಗ ಒಳಗಿನಿಂದ ಇಂಜಿನ್ನುಗಳ ಕೂಗು ಕೇಳುತ್ತಿತ್ತು. ಅಷ್ಟು ಸದ್ದಿನ ನಡುವೆ ಮಗಳ ಕಾರಿನ ಸದ್ದು ಅವನಿಗೆ ಗುರುತು ಸಿಕ್ಕಿತು. ಅದು ಆಗಲೇ ಓಡುತ್ತಿತ್ತು.

ಗೇಟಿನ ಕಾವಲುಗಾರ ಯಲ್ಲಯ್ಯ ಅಡ್ಡ ಬಂದ. "ಪಟ್ಟಿ ಎಲ್ಲಿ? ಕೈಗೆ ಪಟ್ಟಿ ಕಟ್ಟಿರೋರ್ನ ಬುಟ್ರೆ ಯಾರ್ನೂ ಒಳಗ್ ಬುಡಂಗಿಲ್ಲ."

"ಕಾರ್ ನಿಲ್ಲಿಸ್ಬೇಕು, ಬ್ರೇಕ್ ಸರಿ ಇಲ್ಲ!"

"ಎಲ್ರೂ ಹಂಗೇ ಹೇಳ್ತಾರೆ ಸ್ವಾಮಿ."

ಚಿಕ್ಕಮಾರಮ್ಮ ಬೈಕಿಂದ ಇಳಿದು, ಸೀರೆ ಎತ್ತಿ ಕಟ್ಟಿ, ಗೇಟಿನ ಅಡ್ಡಕಂಬದ ಕೆಳಗೆ ನುಗ್ಗಿದಳು. "ಮುಟ್ಟು ನೋಡಾನಾ ನನ್ನ! ನಿನ್ ಮನೇಲಿ ಹೆಣ್ಮಕ್ಳಿಲ್ವಾ? ನನ್ ಕೂಸು ಒಳ್ಗವ್ಳೆ!" ಯಲ್ಲಯ್ಯ ಬೆಪ್ಪಾಗಿ ಮುದುಕಿಯ ಹಿಂದೆ ಓಡಿದ. ಅಂಜನಮೂರ್ತಿ ಚೀಲ ಕಿತ್ತುಕೊಂಡು ಇನ್ನೊಂದು ಕಡೆಯಿಂದ ಓಡಿದ.

ಕಾರು ನಿಲ್ಲಿಸುವ ಚಪ್ಪರದ ಹತ್ತಿರ ಸಿದ್ಧಾರ್ಥ್ ನಿಂತಿದ್ದ. "ನಿಲ್ಸಪ್ಪ, ಅವ್ಳನ್ನ ನಿಲ್ಸು! ಪಿನ್ನಿಗೆ ಕ್ಲಿಪ್ಪಿಲ್ಲ!" ಎಂದು ಕೂಗುತ್ತ ಅಂಜನಮೂರ್ತಿ ಕ್ಲಿಪ್ಪನ್ನು ಎತ್ತಿ ಹಿಡಿದ. ಉದ್ದಗೂದಲಿನವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬಾಣದಂತೆ ಓಡಿ, ಬಾವುಟದವನ ಕೈಯಿಂದ ಕೆಂಪು ಬಾವುಟವನ್ನೇ ಕಿತ್ತುಕೊಂಡು ಬೀಸಿದ.

ಭಾನುವಿನ ಕಾರು ದೂರದ ತಿರುವಿನಿಂದ ಬಂತು. ಬಂತು, ಇನ್ನೂ ಜೋರಾಗೇ ಬಂತು. ಅಂಜನಮೂರ್ತಿ ಉಸಿರು ಬಿಗಿಹಿಡಿದ. ಆಮೇಲೆ ಸದ್ದು ಇಳಿಯಿತು. ಕಾರು ತೆವಳಿಕೊಂಡು ಬಂದು ಚಪ್ಪರದ ಕೆಳಗೆ ನಿಂತಿತು.

ಅವಳು ಹೆಲ್ಮೆಟ್ ತೆಗೆದು ಅಪ್ಪನನ್ನು ನೋಡಿದಳು. ಮುಖ ಬಿಳಿಚಿತು. "ಅಜ್ಜಿಗೇನಾಯ್ತು?"

"ನಂಗೇನಾಗಿಲ್ಲ ಕಣ್ ಮಗಾ" ಎಂದು ಅಜ್ಜಿ ಯಲ್ಲಯ್ಯನ ಜೊತೆ ಏದುಸಿರು ಬಿಡುತ್ತ ಬಂದು, ಅವಳ ಕೆನ್ನೆ ಸವರಿ, ಹೋ ಎಂದು ಅತ್ತಳು.

ಚಕ್ರ ಬಿಚ್ಚಿದರು. ಸುಟ್ಟ ವಾಸನೆ ಮುಖಕ್ಕೆ ಹೊಡೆಯಿತು. ಪಿನ್ನು ಅರ್ಧಕ್ಕೆ ಹೊರಗೆ ಬಂದಿತ್ತು. ಚಕ್ರದ ಒಳಮೈಯನ್ನು ಉಜ್ಜಿ ಉಜ್ಜಿ ಹೊಳೆಯುವ ಗೀರು ಮೂಡಿಸಿತ್ತು. ಕಪ್ಪು ದಾರದ ಗಂಟು ಕರಕಲಾಗಿ ಒಂದು ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಚಿಕ್ಕಮಾರಮ್ಮ ಅದನ್ನು ಬಿಡಿಸಿ, ಬೆರಳು ಚುರ್ರೆಂದರೂ ಲೆಕ್ಕಿಸದೆ, ಯಾರಿಗೂ ಕಾಣದಂತೆ ಸೆರಗಿನ ತುದಿಗೆ ಕಟ್ಟಿಕೊಂಡಳು.

"ಇನ್ನೊಂದ್ ರೌಂಡ್ ಹೋಗಿದ್ರೆ ಅಂಕಲ್..." ಅಂದ ಸಿದ್ಧಾರ್ಥ್, ಮುಂದಿನದು ಹೇಳಲಿಲ್ಲ.

ಭಾನು ಆ ಪಿನ್ನನ್ನೇ ನೋಡುತ್ತ ಕೂತಿದ್ದಳು. "ಬೆಳಗ್ಗೆ ವೀಲ್ ಹಾಕ್ವಾಗ ದಾರ ನೋಡ್ದೆ ಅಪ್ಪ."

"ನೋಡ್ದಾ?"

"ನೋಡ್ದೆ. ಪಕ್ಕದಲ್ಲೇ ನಿನ್ ಹಳದಿ ಗೆರೆ ಇತ್ತು. ಏನೋ ಹೊಸದಾಗಿ ಮಾಡಿದೀಯಾ ಅಂದ್ಕೊಂಡೆ. ಮುಟ್ಟಿದ್ರೆ ಬೈತೀಯಾ, ಕೇಳಿದ್ರೂ ಬೈತೀಯಾ ಅಂತ ಸುಮ್ನಾದೆ."

ಅಂಜನಮೂರ್ತಿಗೆ ಕಪಾಳಕ್ಕೆ ಹೊಡೆದಂತಾಯಿತು. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಮಗಳು ಸಿಟ್ಟಿನಿಂದ ಹೇಳಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಅವನು ಬಗ್ಗಿ ಪಿನ್ನನ್ನು ಒಳಕ್ಕೆ ತಳ್ಳಿದ, ಕ್ಲಿಪ್ಪು ಸಿಕ್ಕಿಸಿದ, ಬೆರಳಿನಿಂದ ಅಲುಗಾಡಿಸಿ ನೋಡಿದ. ಆಮೇಲೆ ಚೀಲದಿಂದ ಟಾರ್ಕ್ ರೆಂಚ್ ತೆಗೆದು ಮಗಳ ಮುಂದೆ ಹಿಡಿದ.

"ತಗೋ. ಎಲ್ಲಾ ಬೋಲ್ಟೂ ನೋಡು. ನಾನ್ ಹಾಕಿರೋದ್ನೂ."

"ಬೇಡಪ್ಪ. ನೀನು ಹಾಕಿದ್ಮೇಲೆ ಸರಿ ಇರ್ತದೆ."

"ನೋಡು ಮಗಾ. ಬೈಯಲ್ಲ."

ಅವಳು ಹೆದರಿಕೊಂಡೇ ರೆಂಚ್ ಇಟ್ಟಳು. ಎಡಗಡೆಯ ಕೆಳಗಿನದು, ಟಕ್. ಮೇಲಿನದು, ಟಕ್. ಅಂಜನಮೂರ್ತಿಯ ಉಸಿರು ಸ್ವಲ್ಪ ಸಡಿಲವಾಯಿತು. ಪಿನ್ನಿನದು ಅವ್ವನ ತಪ್ಪು, ಬೋಲ್ಟು ತನ್ನ ಕೆಲಸ, ತನ್ನ ಕೆಲಸ ಕಲ್ಲಿನಂತಿದೆ. ಸುಳ್ಳೇಕೆ, ಅಷ್ಟೆಲ್ಲ ಆದ ಮೇಲೂ ಅವನ ಎದೆ ಒಂದಿಷ್ಟು ಉಬ್ಬಿತು. ಬಲಗಡೆಯ ಚಕ್ರವನ್ನೂ ಬಿಚ್ಚಿದರು. ಕೆಳಗಿನ ಬೋಲ್ಟು, ಟಕ್. ಭಾನು ಮೇಲಿನ ಬೋಲ್ಟಿನ ಮೇಲೆ ರೆಂಚ್ ಇಟ್ಟು ಎಳೆದಳು.

ಸದ್ದು ಬರಲಿಲ್ಲ. ಬೋಲ್ಟು ತಿರುಗಿತು. ಹಳದಿ ಗೆರೆ ನಡುವೆ ಬಿರಿದು ಎರಡಾಯಿತು. ಅವಳು ಮತ್ತೆ ಎಳೆದಳು, ಅದು ಮತ್ತೆ ತಿರುಗಿತು. ಬೋಲ್ಟಿನ ಮೇಲಿದ್ದ ಅರ್ಧ ಗೆರೆ ಸುತ್ತಿಕೊಂಡು ಆಚೆ ಕಡೆಗೆ ಹೋಯಿತು. ಆಮೇಲೆ ಎಷ್ಟೋ ಹೊತ್ತಿಗೆ, ಟಕ್.

ಸಿದ್ಧಾರ್ಥ್ ತನ್ನ ಶೂ ನೋಡಿಕೊಂಡ. ಪಿನ್ನು ಜಾರಿದ್ದರೆ ಒಂದು ಚಕ್ರದ ಬ್ರೇಕು ಹೋಗುತ್ತಿತ್ತು. ಈ ಬೋಲ್ಟು ಬಿಚ್ಚಿಕೊಂಡಿದ್ದರೆ ಇಡೀ ಕ್ಯಾಲಿಪರ್ ತಿರುಗಿ ಚಕ್ರವನ್ನೇ ಕಚ್ಚುತ್ತಿತ್ತು. ಅಲ್ಲಿದ್ದವರಲ್ಲಿ ಮೂವರಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವಳು ಕೇಳಿದಳು.

"ಅದ್ಯಾಕ್ ಮಗಾ, ಅದೊಂದು ಅಷ್ಟ್ ತಿರುಗ್ತು?"

ಭಾನು ಅಪ್ಪನ ಕಡೆ ನೋಡಲಿಲ್ಲ. "ಏನಿಲ್ಲ ಅಜ್ಜಿ, ಬಿಸಿಗೆ ಒಂದೊಂದ್ಸಲ..."

"ಸುಳ್ ಹೇಳ್ಬ್ಯಾಡ" ಅಂದ ಅಂಜನಮೂರ್ತಿ. "ನಾನು ಬಿಗಿ ಮಾಡಿರ್ಲಿಲ್ಲ ಕಣವ್ವ. ನಿನ್ನೆ ನಿನ್ ಜೊತೆ ಜಗಳಕ್ಕೆ ಬಿದ್ದು ರೆಂಚ್ ಹಾಕೋದೇ ಮರ್ತೆ. ಬರೀ ಬಣ್ಣ ಹಚ್ಚಿದ್ದೆ."

ಚಿಕ್ಕಮಾರಮ್ಮ ಬಾಯಿ ತೆರೆದಳು. ಹಳದಿ ಬಣ್ಣ ಬ್ರೇಕ್ ಹಿಡೀತದಾ ಅಂತ ನಿನ್ನೆ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಬಹುದಿತ್ತು. ಬೇರೆ ದಿನವಾಗಿದ್ದರೆ ಕೇಳದೆ ಬಿಡುವ ಮುದುಕಿಯೂ ಅಲ್ಲ. ಮಗನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಭಾನು ಬಟ್ಟೆಯಿಂದ ಹಳೇ ಪೇಂಟು ಉಜ್ಜಿ ತೆಗೆದು, ಅಪ್ಪನ ಚೀಲದಲ್ಲೇ ಇದ್ದ ಪೇಂಟಿನ ಡಬ್ಬಿಯನ್ನೂ ಬ್ರಷ್ಷನ್ನೂ ಅಪ್ಪನ ಕಡೆ ಚಾಚಿದಳು.

"ನಂಗ್ಯಾಕೆ ಕೊಡ್ತೀಯಾ?" ಅಂದ. "ಬಿಗಿ ಮಾಡ್ದೋರೇ ಎಳೀಬೇಕು."

ಅವಳು ಗೆರೆ ಎಳೆದಳು. ಅವನದಕ್ಕಿಂತ ಸಣ್ಣ ಗೆರೆ, ಸ್ವಲ್ಪ ಸೊಟ್ಟ. ಅವಳು ಎಳೆದು ಮುಗಿಸಿದ ಮೇಲೆ ಅವನು ಅದೇ ರೆಂಚ್ ತೆಗೆದುಕೊಂಡು ಅದೇ ಬೋಲ್ಟಿನ ಮೇಲಿಟ್ಟು ಒತ್ತಿದ. ಟಕ್. "ಇನ್ಮ್ಯಾಕೆ ಇಬ್ರೂ ನೋಡ್ಬೇಕು. ನಾನ್ ಹಾಕಿದ್ರೆ ನೀನು, ನೀನ್ ಹಾಕಿದ್ರೆ ನಾನು."

ಸಿದ್ಧಾರ್ಥ್ ಉಳಿದ ಬೋಲ್ಟು, ಕ್ಲಿಪ್ಪುಗಳನ್ನೆಲ್ಲ ಎರಡೆರಡು ಸಲ ಮುಟ್ಟಿ ನೋಡಿದ. ಅಂಜನಮೂರ್ತಿ ತಡೆಯಲಿಲ್ಲ. ಚಕ್ರ ಕೂತವು. ಭಾನು ಹೆಲ್ಮೆಟ್ ಕೈಯಲ್ಲಿ ಹಿಡಿದು, ಹೋಗಲೋ ಬೇಡವೋ ಎಂದು ಅಪ್ಪನ ಮುಖ ನೋಡಿದಳು. ಬೇಡ ಅನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ತಲೆಯಾಡಿಸಿದ.

ಅವಳು ಕಾರು ಹತ್ತಿದ ಮೇಲೆ ಅವ್ವನ ಕಡೆ ತಿರುಗಿದ. "ಆ ದಾರ ಎಲ್ಲವ್ವ?"

ಚಿಕ್ಕಮಾರಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. "ಬಿಸಾಕ್ಬುಡ್ತೀನಿ ಬುಡು. ಬೈಬ್ಯಾಡ."

"ಬೈಯಲ್ಲ. ಕೊಡು ಇಲ್ಲಿ."

ಅವಳು ಸೆರಗಿನ ಗಂಟು ಬಿಚ್ಚಿದಳು. ಅವನು ಆ ಕರಕಲು ದಾರವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, ಅಂಗಿಯ ಜೇಬಿಗೆ ಹಾಕಿಕೊಂಡ. ಅಷ್ಟರಲ್ಲಿ ಕಾರು ಟ್ರ್ಯಾಕಿಗಿಳಿಯಿತು. ಅದು ಮೊದಲ ತಿರುವಿಗೆ ಹೋಗಿ, ಬ್ರೇಕ್ ಒತ್ತಿ, ತಿರುಗಿಕೊಂಡು ಮುಂದೆ ಹೋದ ಸದ್ದು ಕೇಳುವವರೆಗೂ ಅಂಜನಮೂರ್ತಿ ಜೇಬಿನ ಮೇಲಿಂದ ಕೈ ತೆಗೆಯಲಿಲ್ಲ.